ಎಲ್ಲಿಗೂ ತಲುಪದ ಓಟ: ಅರ್ಥವೋ, ಅನರ್ಥದಂಡವೋ?

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು. ಪ್ರಯೋಜನವಿಲ್ಲದ ಕಾರ್ಯಗಳಲ್ಲಿ ಮನ-ವಚನ-ಕಾಯಗಳನ್ನು ತೊಡಗಿಸಿ ಪಾಪವನ್ನು ಕಟ್ಟಿಕೊಳ್ಳಬಾರದೆಂಬುದು ಅದರ ತಾತ್ಪರ್ಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಐದು ಭೇದಗಳನ್ನು ನಿರೂಪಿಸಿದ್ದಾರೆ. ಅವುಗಳಲ್ಲಿ ಪ್ರಮಾದಚರ್ಯೆ ಎಂಬ ಭೇದದಲ್ಲಿ ವ್ಯರ್ಥವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಮರ ಕಡಿಯುವುದು ಇವುಗಳೊಡನೆ ಇನ್ನೊಂದನ್ನೂ ಸೇರಿಸಿದ್ದಾರೆ. ಅದು ನಿಷ್ಕಾರಣವಾಗಿ ತಿರುಗುವುದು ಮತ್ತು ಪರರನ್ನು ತಿರುಗಿಸುವುದು. ಹಾಗಿದ್ದಲ್ಲಿ, ನಸುಕಿನಲ್ಲಿ ಎದ್ದು ಬೂಟು ಕಟ್ಟಿಕೊಂಡು ಹತ್ತು ಕಿಲೋಮೀಟರು ಓಡಿ, ಯಾವ ಊರನ್ನೂ ಸೇರದೆ, ಯಾರನ್ನೂ ಕಾಣದೆ, ಯಾವ ಸರಕನ್ನೂ ತಾರದೆ, ಹೊರಟ ಹೊಸ್ತಿಲಿಗೇ ಹಿಂದಿರುಗುವ ಗೃಹಸ್ಥನ ಕಾರ್ಯವನ್ನು ಯಾವ ಲೆಕ್ಕಕ್ಕೆ ಹಾಕಬೇಕು?

ಇದು ಕೇವಲ ಪಾಂಡಿತ್ಯದ ಚರ್ಚೆಯಲ್ಲ. ಮುಂಬಯಿಯ ಮ್ಯಾರಥಾನ್ ಓಟ 2004ರಲ್ಲಿಯೂ ಬೆಂಗಳೂರಿನ 10 ಕಿ.ಮೀ. ಓಟ 2008ರಲ್ಲಿಯೂ ಆರಂಭವಾದವು. ನಮಗೆ ಸಮೀಪದ ವಿಜಯಪುರದಲ್ಲಿ ವೃಕ್ಷೋಥಾನ್ ಎಂಬ ಓಟ ನಡೆದಿದೆ. ಇಂತಹವುಗಳಿಗೆ ಹೆಸರು ನೋಂದಾಯಿಸುವವರಲ್ಲಿ ನಮ್ಮ ಮನೆಗಳ ವ್ಯಾಪಾರಿಗಳು, ಲೆಕ್ಕಪರಿಶೋಧಕರು, ವೈದ್ಯರು, ಈಚೆಗೆ ಗೃಹಿಣಿಯರೂ ಇದ್ದಾರೆ. ಹಿರಿಯರು ಇದನ್ನು ಹುಚ್ಚೆಂದು ನಗುತ್ತಾರೆ; ಕಿರಿಯರು ಇದನ್ನೇ ತಪಸ್ಸೆಂದು ಭಾವಿಸುತ್ತಾರೆ. ಈ ಎರಡು ಅಭಿಪ್ರಾಯಗಳೂ ಅವಸರದವು ಎಂದು ನನ್ನ ಎಣಿಕೆ.

ಕಲಬುರಗಿಯ ಹೊರವಲಯದ ತಾಜಸುಲ್ತಾನಪುರದ ಕಡೆಗೆ ಬೆಳಗಿನ ಹೊತ್ತು ಹೋದವರಿಗೆ ಒಂದೇ ರಸ್ತೆಯಲ್ಲಿ ಮೂರು ಬಗೆಯ ಓಟಗಾರರು ಕಾಣಸಿಗುತ್ತಾರೆ. ಅಲ್ಲಿ ರಾಜ್ಯ ಮೀಸಲು ಪೊಲೀಸ್ ಪಡೆಯ ನೆಲೆಯಿದೆ. ಪಡೆಯವರಿಗೆ ಓಟವು ಕರ್ತವ್ಯದ ಅಂಗ. ಎರಡನೆಯವರು ಅದೇ ಇಲಾಖೆಯನ್ನು ಸೇರಬೇಕೆಂದು ಹಂಬಲಿಸುವ, ಸುತ್ತಣ ಹಳ್ಳಿಗಳ ಮತ್ತು ನಗರದ ಬಾಡಿಗೆ ಕೋಣೆಗಳ ಹುಡುಗರು ಹಾಗೂ ಹೆಣ್ಣುಮಕ್ಕಳು. ಕಾನ್‌ಸ್ಟೇಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕು. ಆ ಹುಡುಗನಿಗೆ ಒಂದು ಸೆಕೆಂಡು ಹೆಚ್ಚಾದರೆ ಮನೆಯ ಅನ್ನ ತಪ್ಪುತ್ತದೆ. ಅವನ ಓಟ ಅರ್ಥವೋ ಅನರ್ಥವೋ ಎಂದು ಯಾರೂ ಕೇಳಲಾರರು. ಮೂರನೆಯವನು ನಲವತ್ತರ ಆಸುಪಾಸಿನ ಗೃಹಸ್ಥ. ಕೈಯಲ್ಲಿ ಬೆಲೆಬಾಳುವ ಗಡಿಯಾರ, ಕಾಲಲ್ಲಿ ಅದಕ್ಕೂ ಬೆಲೆಬಾಳುವ ಬೂಟು. ಅವನನ್ನು ಯಾರೂ ಓಡಲು ಹೇಳಿಲ್ಲ. ಓಡದಿದ್ದರೆ ಯಾರೂ ದಂಡ ಹಾಕುವುದಿಲ್ಲ. ನಮ್ಮ ಪ್ರಶ್ನೆ ಅವನಿಗೆ ಸಂಬಂಧಿಸಿದ್ದು.

ಇಂತಹವನನ್ನು ಹವ್ಯಾಸಿ ಎಂದು ಕರೆಯುತ್ತೇವೆ. ಹಿಂದೆ ಈ ಪದಕ್ಕೆ ಕ್ರೀಡಾಲೋಕದಲ್ಲಿ ಬಹಳ ಕಠಿಣವಾದ ಅರ್ಥವಿತ್ತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನದ ಪದಕ ಗೆದ್ದ ಅಮೆರಿಕದ ಜಿಮ್ ಥಾರ್ಪ್, ಅದಕ್ಕೂ ಮೊದಲು ಬೇಸ್‌ಬಾಲ್ ಆಡಿ ಅಲ್ಪಸ್ವಲ್ಪ ಹಣ ಪಡೆದಿದ್ದನೆಂಬ ಕಾರಣಕ್ಕೆ 1913ರಲ್ಲಿ ಆ ಪದಕಗಳನ್ನು ಕಳೆದುಕೊಂಡ. ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1982ರಲ್ಲಿ, ಅವು ಮರಳಿ ಸಂದವು. ಆ ಸ್ಪರ್ಧೆಗಳ ಏಕೈಕ ವಿಜೇತನೆಂಬ ಮಾನ್ಯತೆ 2022ರಲ್ಲಿ ದೊರೆಯಿತು. ಹಣ ಮುಟ್ಟದವನೇ ಶುದ್ಧನೆಂಬುದು ಅಂದಿನ ನಂಬಿಕೆ. ವ್ಯಾಪಾರದಲ್ಲಿ ಆಯುಷ್ಯ ಕಳೆದ ನನಗೆ ಈ ನಂಬಿಕೆಯಲ್ಲಿ ವಿಶ್ವಾಸ ಕಡಮೆ. ಲೋಭವು ಹಣದ ರೂಪದಲ್ಲಿಯೇ ಬರಬೇಕೆಂಬ ನಿಯಮವೇನೂ ಇಲ್ಲ. ಒಂದು ರೂಪಾಯಿಯನ್ನೂ ಪಡೆಯದೆ, ಬದಲಾಗಿ ಕೈಯಿಂದ ಸಾವಿರಾರು ರೂಪಾಯಿ ಖರ್ಚು ಮಾಡಿ, ಕಿಲೋಮೀಟರುಗಳ ಮೇಲೆ ಕಿಲೋಮೀಟರುಗಳನ್ನು ಗಡಿಯಾರದಲ್ಲಿ ಕೂಡಿಡುವವನ ಕಣ್ಣಿನ ಹೊಳಪನ್ನು ನೋಡಿದ್ದೇನೆ. ಖಾತೆಯ ಬಾಕಿ ಬೆಳೆಯುವುದನ್ನು ನೋಡುವ ಅಡತಿಯ ಕಣ್ಣಿನಲ್ಲಿಯೂ ಅದೇ ಹೊಳಪಿರುತ್ತದೆ.

ಹಾಗೆಂದು ಓಟದ ಸಾಧನೆಯನ್ನು ಹಗುರವಾಗಿ ಕಾಣಲಾಗದು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಎಂಬವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲದಿರುವುದು ವಿಷಾದದ ಸಂಗತಿ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ರೈತಾಪಿ ಯುವಕರು ಬರಿಗಾಲಲ್ಲಿ ದೂರದ ಓಟ ಓಡಿದ್ದನ್ನು ಸರ್ ದೊರಾಬ್ಜಿ ಟಾಟಾ ಅವರು ಕಂಡು ಬೆರಗಾದರು. ಅವರ ಪ್ರಯತ್ನದಿಂದ ಮರುವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋದ ಭಾರತೀಯರ ಸಣ್ಣ ತಂಡದಲ್ಲಿ ಚೌಗುಲೆಯವರೂ ಇದ್ದರು. 1920ರ ಆ ಮ್ಯಾರಥಾನಿನ ದೂರ ಇಂದಿನದಕ್ಕಿಂತ ತುಸು ಹೆಚ್ಚು, 42.75 ಕಿ.ಮೀ. ಅದನ್ನು ಅವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಲೆಕ್ಕ ಹಾಕಿ ನೋಡಿದರೆ ಇದು ಒಂದು ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕಿಂತ ಕೂದಲೆಳೆಯಷ್ಟು ಕಡಮೆ. ತಾಜಸುಲ್ತಾನಪುರದ ರಸ್ತೆಯಲ್ಲಿ ಉಸಿರು ಕಟ್ಟಿ ಓಡುವ ಪೊಲೀಸ್ ಅಭ್ಯರ್ಥಿ 1600 ಮೀಟರಿನ ಮಟ್ಟಿಗೆ ಕಾಯ್ದುಕೊಳ್ಳಬೇಕಾದ ವೇಗ ಕಿಲೋಮೀಟರಿಗೆ ಸುಮಾರು ನಾಲ್ಕು ನಿಮಿಷ ನಾಲ್ಕು ಸೆಕೆಂಡು. ಬೆಳಗಾವಿಯ ಆ ಓಟಗಾರ ಅದಕ್ಕಿಂತ ಹೆಚ್ಚಿನ ವೇಗವನ್ನು ಅದರ ಇಪ್ಪತ್ತಾರು ಪಟ್ಟು ದೂರಕ್ಕೂ ಮೀರಿ, ಪರದೇಶದ ರಸ್ತೆಯಲ್ಲಿ, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕಾಯ್ದುಕೊಂಡಿದ್ದರು. ಮನುಷ್ಯದೇಹವು ಶಿಸ್ತಿಗೆ ಎಷ್ಟರಮಟ್ಟಿಗೆ ಒಳಪಡಬಲ್ಲುದು ಎಂಬುದಕ್ಕೆ ಇಂತಹ ನಿದರ್ಶನಗಳು ಬೇಕು.

ಆದರೆ ಅದೇ ಮ್ಯಾರಥಾನಿನ ದೂರದ ಕಥೆಯನ್ನೂ ಕೇಳಬೇಕು. 1896ರ ಅಥೆನ್ಸ್‌ನಲ್ಲಿ ಅದು ಸುಮಾರು 40 ಕಿ.ಮೀ. ಇತ್ತು. 1908ರಲ್ಲಿ ಲಂಡನ್ನಿನಲ್ಲಿ ಓಟವನ್ನು ವಿಂಡ್ಸರ್ ಅರಮನೆಯ ಬಳಿ ಆರಂಭಿಸಿ ಕ್ರೀಡಾಂಗಣದಲ್ಲಿ ರಾಜಮನೆತನದವರು ಕುಳಿತ ಆಸನದ ಮುಂದೆ ಮುಗಿಸಿದರು, ಅದು 42.195 ಕಿ.ಮೀ. ಆಯಿತು. 1921ರಲ್ಲಿ ಅದನ್ನೇ ಅಧಿಕೃತ ದೂರವೆಂದು ನಿಗದಿ ಮಾಡಿದರು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಕಲಬುರಗಿಯಿಂದ ಹೊರಟು ಕಮಲಾಪುರವನ್ನು ದಾಟಿ ಮುಂದೆ ಹೋಗುವಷ್ಟು ದೂರ. ಇಷ್ಟನ್ನು ಓಡದಿದ್ದರೆ ತನ್ನ ಜೀವನ ಅಪೂರ್ಣವೆಂದು ಕೊರಗುವವನು, ಒಬ್ಬ ಅರಸನ ಮನೆಗೂ ಅವನ ಕುರ್ಚಿಗೂ ನಡುವಿನ ಅಂತರದಿಂದ ತನ್ನನ್ನು ಅಳೆದುಕೊಳ್ಳುತ್ತಿದ್ದಾನೆ ಎಂಬುದನ್ನು ಅರಿತಿದ್ದರೆ ಒಳಿತು.

ಈಗ ಮೂಲ ಪ್ರಶ್ನೆಗೆ ಬರೋಣ. ಗದ್ದಿಗೆಯ ಮೇಲೆ ದಿನಕ್ಕೆ ಹತ್ತು ಗಂಟೆ ಕುಳಿತಿರುವ ವ್ಯಾಪಾರಿಗೆ ಓಟ ನಿಷ್ಪ್ರಯೋಜನವೆಂದು ಹೇಳಲು ಯಾವ ಆಧಾರವೂ ಇಲ್ಲ. ಮಧುಮೇಹ, ರಕ್ತದೊತ್ತಡಗಳು ನಮ್ಮ ಮನೆಗಳಲ್ಲಿ ಎಷ್ಟು ಸಾಮಾನ್ಯವೆಂಬುದನ್ನು ಯಾವ ಊರಿನ ಬಸದಿಯ ಮುಂದೆ ನಿಂತು ವಿಚಾರಿಸಿದರೂ ತಿಳಿಯುತ್ತದೆ. ಎಲ್ಲಿಗೂ ತಲುಪದಿರುವುದೇ ಅನರ್ಥವಾಗಿದ್ದರೆ ಪ್ರದಕ್ಷಿಣೆಯೂ ಎಲ್ಲಿಗೂ ತಲುಪುವುದಿಲ್ಲ. ಶರೀರವನ್ನು ವ್ರತಪಾಲನೆಗೆ, ದುಡಿಮೆಗೆ, ಸೇವೆಗೆ ಯೋಗ್ಯವಾಗಿಟ್ಟುಕೊಳ್ಳುವುದು ಸ್ಪಷ್ಟವಾದ ಪ್ರಯೋಜನ. ಆದುದರಿಂದ ಓಟವು ಸ್ವಭಾವತಃ ಅನರ್ಥದಂಡವಲ್ಲ.

ಆದರೆ ಎಷ್ಟರವರೆಗೆ? ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಿತವಾದ ವ್ಯಾಯಾಮ, ಇಲ್ಲವೆ ಓಟದಂತಹ ತೀವ್ರ ವ್ಯಾಯಾಮವಾದರೆ 75ರಿಂದ 150 ನಿಮಿಷ ಸೂಕ್ತ. ಮ್ಯಾರಥಾನಿಗೆ ಸಿದ್ಧನಾಗುವವನು ನಾಲ್ಕು ತಿಂಗಳು ವಾರಕ್ಕೆ ನಾಲ್ಕೈದು ದಿನ ಓಡುತ್ತಾನೆ. ಭಾನುವಾರದ ಉದ್ದ ಓಟ ಕ್ರಮೇಣ ಮೂವತ್ತು ಕಿ.ಮೀ. ಮುಟ್ಟುತ್ತದೆ. ಕಿಲೋಮೀಟರಿಗೆ ಏಳು ನಿಮಿಷದಂತೆ ಓಡುವ ಸಾಮಾನ್ಯನಿಗೆ ಆ ಒಂದೇ ಓಟಕ್ಕೆ ಮೂರೂವರೆ ಗಂಟೆ ಹಿಡಿಯುತ್ತದೆ. ವಾರಕ್ಕೆ ಆರು ಗಂಟೆಯೆಂದು ಹಿಡಿದರೂ ಹದಿನೆಂಟು ವಾರಕ್ಕೆ 108 ಗಂಟೆಗಳು, ಎಂದರೆ ಎಂಟು ಗಂಟೆಯ ದುಡಿಮೆಯ ಹದಿಮೂರೂವರೆ ದಿನಗಳು. ಆರೋಗ್ಯಕ್ಕಾಗಿ ಓಡುತ್ತೇನೆ ಎಂಬ ಮಾತು ವಾರದ ಮೊದಲ ಎರಡೂವರೆ ಗಂಟೆಗೆ ಸಲ್ಲುತ್ತದೆ. ಉಳಿದ ಮೂರೂವರೆ ಗಂಟೆಗಳಿಗೆ ಬೇರೆ ಶೀರ್ಷಿಕೆ ಕೊಡಬೇಕು. ಅದು ಆನಂದವಿರಬಹುದು, ಛಲವಿರಬಹುದು, ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಆಸೆಯಿರಬಹುದು. ಇವು ಯಾವುವೂ ಗೃಹಸ್ಥನಿಗೆ ನಿಷಿದ್ಧವಲ್ಲ. ಆದರೆ ಒಂದರ ಖರ್ಚನ್ನು ಇನ್ನೊಂದರ ಹೆಸರಿನಲ್ಲಿ ಬರೆದಿಟ್ಟ ಲೆಕ್ಕವನ್ನು ಯಾವ ಪರಿಶೋಧಕನೂ ಒಪ್ಪುವುದಿಲ್ಲ.

ಇದಕ್ಕಿಂತಲೂ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಆ ಗಂಟೆಗಳು ಯಾರ ಖಾತೆಯಿಂದ ಬಂದವು?

ನನ್ನ ಮಿತ್ರರೊಬ್ಬರ ಮಗ, ಗಂಜಿನಲ್ಲಿ ತೊಗರಿಯ ಅಡತಿ ಅಂಗಡಿ ನಡೆಸುವವನು, ತಾಜಸುಲ್ತಾನಪುರದ ಕಡೆಗೆ ನಿತ್ಯ ಓಡುವವನು, ಒಮ್ಮೆ ಮನೆಗೆ ಬಂದು ಈ ವಿಷಯವನ್ನೇ ಎತ್ತಿದ. "ಕಾಕಾ, ನಾ ಓಡಿ ಎಲ್ಲಿಗೂ ಹೋಗಂಗಿಲ್ಲ, ಹೊಳ್ಳಿ ಮನಿಗೇ ಬರ್ತೀನಿ. ಇದು ಅನರ್ಥದಂಡ ಆಗ್ತದೇನ್ರಿ?" ಎಂದ. ಜೊತೆಯಲ್ಲಿ ಬಂದಿದ್ದ ಅವನ ಪತ್ನಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದವಳು ಕೊನೆಗೆ ಹೇಳಿದಳು: "ಕಾಕಾರೀ, ಅವರು ಓಡೂದರ ಬಗ್ಗೆ ನಂದೇನೂ ತಕರಾರಿಲ್ಲ. ಅವರು ನಾಕಕ್ಕ ಎದ್ದರ ನಂದೂ ನಿದ್ದಿ ಅಲ್ಲಿಗೇ ಮುಗೀತದ. ಹುಡುಗರ ಸಾಲಿ, ಅತ್ತಿಯವರ ಔಷಧ, ಎಲ್ಲಾ ನನ್ನ ಮ್ಯಾಲೆ. ನಿನಗ ನಡೀತದೇನು ಅಂತ ಒಮ್ಮಿನೂ ಯಾರೂ ಕೇಳಿಲ್ಲ."

ಅವನು ಅನರ್ಥದಂಡದ ಬಗ್ಗೆ ಕೇಳಿದ್ದ. ಅವಳು ಬೇರೊಂದು ವ್ರತದ ಬಗ್ಗೆ ಹೇಳಿದ್ದಳು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಅದತ್ತಾದಾನ ಎಂಬ ಪದದ ವೈಶಿಷ್ಟ್ಯವೇ ಇದು. ಅಲ್ಲಿ ಕಳ್ಳನ ಉದ್ದೇಶಕ್ಕಿಂತ, ವಸ್ತುವಿನ ಬೆಲೆಗಿಂತ, ಅದನ್ನು ಕೊಟ್ಟಿದ್ದರೇ ಇಲ್ಲವೇ ಎಂಬುದು ಮುಖ್ಯ. ಹಣ, ಧಾನ್ಯ, ಭೂಮಿಗಳಿಗೆ ಈ ವ್ರತವನ್ನು ಅನ್ವಯಿಸುವುದರಲ್ಲಿ ನಮ್ಮ ವ್ಯಾಪಾರಿಗಳು ನಿಪುಣರು. ತೂಕದಲ್ಲಿ ಒಂದು ಗುಂಜಿ ವ್ಯತ್ಯಾಸವಾದರೂ ಮನಸ್ಸು ಕಸಿವಿಸಿಗೊಳ್ಳುತ್ತದೆ. ಆದರೆ ಹೆಂಡತಿಯ ನಿದ್ರೆಯನ್ನು, ವೃದ್ಧ ತಂದೆಯ ಬೆಳಗಿನ ವಿಶ್ರಾಂತಿಯನ್ನು, ಅಂಗಡಿಯ ಗುಮಾಸ್ತನ ಹೆಚ್ಚಿನ ಒಂದು ಗಂಟೆಯನ್ನು ಕೇಳದೆ ತೆಗೆದುಕೊಳ್ಳುವಾಗ ಅದು ಅದತ್ತವೆಂದು ನಮಗೆ ತೋರುವುದೇ ಇಲ್ಲ. ಕೇಳಿ ಪಡೆದರೆ ಅದೇ ಗಂಟೆ ದತ್ತವಾಗುತ್ತದೆ. ಮನೆಯವರು ಸಂತೋಷದಿಂದ ಕೊಡುವುದೂ ಉಂಟು. ಎಷ್ಟೋ ಮನೆಗಳಲ್ಲಿ ಓಡುವವನಿಗಿಂತ ಅವನ ತಾಯಿಯೇ ಹೆಚ್ಚು ಉತ್ಸಾಹದಿಂದ ಅವನ ಪದಕಗಳನ್ನು ನೆಂಟರಿಗೆ ತೋರಿಸುತ್ತಾಳೆ. ಆದರೆ ಕೊಟ್ಟವರಿಗೆ ಮರಳಿ ಕೇಳುವ ಹಕ್ಕೂ ಇರುತ್ತದೆ ಎಂಬುದನ್ನು ಮರೆಯಲಾಗದು.

ಈ ಸಂದರ್ಭದಲ್ಲಿ ನಮ್ಮ ಮನೆಗಳ ಹೆಣ್ಣುಮಕ್ಕಳ ವಿಚಾರವನ್ನೂ ಸಂಕೋಚವಿಲ್ಲದೆ ಹೇಳಬೇಕಾಗಿದೆ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮ್ಯಾರಥಾನ್ ದೊರೆತದ್ದು 1984ರಲ್ಲಿ, ಪುರುಷರಿಗಿಂತ 88 ವರ್ಷ ತಡವಾಗಿ. ಅಲ್ಲಿಯವರೆಗೆ ಅವರ ದೇಹ ಇಷ್ಟು ದೂರವನ್ನು ತಾಳಲಾರದು ಎಂಬ ವಾದವಿತ್ತು. ನಮ್ಮಲ್ಲಿ ವಾದವೇ ಬೇಕಾಗಿಲ್ಲ. ಬೆಳಗಿನ ಐದರಿಂದ ಎಂಟರವರೆಗಿನ ಅಡುಗೆಮನೆಯೇ ಸಾಕು. ಗಂಡ ಓಡಿ ಬಂದರೆ ಶಿಸ್ತು, ಸೊಸೆ ಓಡಲು ಹೋದರೆ ಸಡಿಲು ಎಂಬ ಎರಡು ತೂಕದ ಕಲ್ಲುಗಳನ್ನು ಇಟ್ಟುಕೊಂಡ ಮನೆಯಲ್ಲಿ ಓಟದ ಧರ್ಮಾಧರ್ಮವನ್ನು ಚರ್ಚಿಸುವುದು ವ್ಯರ್ಥ.

ನನ್ನ ಮಿತ್ರರ ಮಗನ ಸಮಸ್ಯೆಗೆ ಇನ್ನೊಂದು ಮುಖವಿತ್ತು. ನಮ್ಮ ಭಾಗದಲ್ಲಿ ಓಡಲು ಯೋಗ್ಯವಾದ ಹವೆಯಿರುವುದು ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಮುಂಬಯಿಯ ಓಟವೂ ಜನವರಿಯಲ್ಲಿ. ತೊಗರಿಯ ಹೊಸ ಮಾಲು ಗಂಜಿಗೆ ಬರುವುದೂ ಅದೇ ತಿಂಗಳುಗಳಲ್ಲಿ. ರೈತನು ವರ್ಷದ ಬೆಳೆಯನ್ನು ತಂದು ಸಾಲಾಗಿ ನಿಂತಿರುವಾಗ ಅಡತಿಯವನು ಮುಂದಿನ ಭಾನುವಾರದ ಮೂವತ್ತು ಕಿಲೋಮೀಟರಿಗಾಗಿ ಕಾಲಿಗೆ ವಿಶ್ರಾಂತಿ ಕೊಡುತ್ತ ಕುಳಿತಿದ್ದರೆ, ಆ ರೈತನ ಕಾಯುವಿಕೆಯೂ ಓಟದ ಖರ್ಚಿನಲ್ಲಿಯೇ ಸೇರಬೇಕು. ಏಪ್ರಿಲ್-ಮೇ ತಿಂಗಳುಗಳಲ್ಲಿ ಗಂಜಿನಲ್ಲಿ ಬಿಡುವಿರುತ್ತದೆ. ಆಗ ಬಿಸಿಲು 40 ಡಿಗ್ರಿಯನ್ನು ದಾಟಿರುತ್ತದೆ. ಬಿಡುವು, ಹವೆ, ಹುರುಪು ಮೂರೂ ಒಂದೇ ತಿಂಗಳಲ್ಲಿ ಕೂಡಿ ಬರುವ ಊರು ಎಲ್ಲಿಯಾದರೂ ಇದ್ದೀತು, ನಮ್ಮದಂತೂ ಅಲ್ಲ.

ಹೀಗಿರುವಾಗ ಓಟಗಾರನು ಏನನ್ನು ಆಧರಿಸಿ ನಡೆಯಬೇಕು? ಇಂದಿನವರು ಪ್ರೇರಣೆ ಎಂಬ ಪದವನ್ನು ಬಹಳ ಬಳಸುತ್ತಾರೆ. ಪ್ರೇರಣೆ ಬಂದಾಗ ಇಪ್ಪತ್ತು ಕಿ.ಮೀ., ಬಾರದಿದ್ದಾಗ ಹದಿನೈದು ದಿನ ಹಾಸಿಗೆ. ಉತ್ಸಾಹ ಕುಂದುವುದು ಹೊಸ ರೋಗವೇನಲ್ಲ. ತತ್ತ್ವಾರ್ಥಸೂತ್ರವು ಸಾಮಾಯಿಕದ ಅತಿಚಾರಗಳನ್ನು ಹೇಳುವಾಗ ಅನಾದರವನ್ನು, ಎಂದರೆ ಮಾಡುವ ಕ್ರಿಯೆಯಲ್ಲಿ ಉತ್ಸಾಹ ತಪ್ಪುವುದನ್ನು, ಸ್ಪಷ್ಟವಾಗಿ ಸೇರಿಸಿದೆ. ಮಾಡಬೇಕೆಂಬುದನ್ನೇ ಮರೆಯುವುದನ್ನೂ ಸೇರಿಸಿದೆ. 48 ನಿಮಿಷ ಕುಳಿತುಕೊಳ್ಳುವ ಕ್ರಿಯೆಯಲ್ಲಿಯೇ ಮನಸ್ಸು ಬೇಸರಗೊಳ್ಳುತ್ತದೆಂದು ಆಚಾರ್ಯರಿಗೆ ತಿಳಿದಿತ್ತು. ಅದಕ್ಕೆ ಅವರು ಸೂಚಿಸಿದ ಪರಿಹಾರ ಮನಸ್ಸನ್ನು ಹುರಿದುಂಬಿಸುವ ಭಾಷಣವಲ್ಲ, ಮೊದಲೇ ಕಟ್ಟಿಕೊಂಡ ಮಿತಿ. ಜೀವನಪರ್ಯಂತ ಸ್ವೀಕರಿಸಿದ್ದು ಯಮ, ಕಾಲದ ಮಿತಿಯಿಟ್ಟು ಸ್ವೀಕರಿಸಿದ್ದು ನಿಯಮ ಎಂಬ ಭೇದವನ್ನು ಸಮಂತಭದ್ರರು ಮಾಡಿದ್ದಾರೆ. ಗೃಹಸ್ಥನ ಓಟವು ನಿಯಮದ ಜಾತಿಗೆ ಸೇರಬೇಕು. ಇಂತಿಷ್ಟು ತಿಂಗಳು, ವಾರಕ್ಕೆ ಇಂತಿಷ್ಟು ದಿನ, ಇಂತಿಷ್ಟು ಗಂಟೆಯೆಂದು ಮನೆಯವರ ಮುಂದೆ ಹೇಳಿ ಸ್ವೀಕರಿಸಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಓಟದ ಯೋಜನೆಗಳೆಲ್ಲ ಕನಿಷ್ಠವನ್ನು ಹೇಳುತ್ತವೆ: ಇಷ್ಟಾದರೂ ಓಡು ಎನ್ನುತ್ತವೆ. ಪರಿಮಾಣವ್ರತಗಳು ಗರಿಷ್ಠವನ್ನು ಹೇಳುತ್ತವೆ: ಇದಕ್ಕಿಂತ ಹೆಚ್ಚಿಲ್ಲ ಎನ್ನುತ್ತವೆ. ದಿಗ್ವ್ರತದ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿ ಎಂಬುದಿದೆ. ಲೋಭದಿಂದ ತಾನೇ ಹಾಕಿಕೊಂಡ ಗಡಿಯನ್ನು ಹಿಗ್ಗಿಸುವುದು. ಈ ವರ್ಷ 10, ಮುಂದಿನ ವರ್ಷ 21, ಅದರಾಚೆ 42, ಅದೂ ಸಾಲದೆ ನೂರು ಎಂದು ಬೆಳೆಯುವ ಹಂಬಲಕ್ಕೆ ಇದಕ್ಕಿಂತ ಒಪ್ಪುವ ಹೆಸರು ನನಗೆ ತೋರುವುದಿಲ್ಲ. ತಪ್ಪಿದ ಒಂದು ದಿನದ ಓಟವನ್ನು ಮರುದಿನ ಎರಡರಷ್ಟು ಓಡಿ ಸರಿದೂಗಿಸುವುದೂ ಇಂತಹುದೇ. ಅತಿಚಾರ ಬೇರೆ, ವ್ರತಭಂಗ ಬೇರೆ; ತಪ್ಪಿದ ದಿನವನ್ನು ತಪ್ಪಿದ್ದೆಂದು ಬರೆದು ಮುಂದೆ ಸಾಗಬೇಕು. ಸಾಲ ತೀರಿಸುವಂತೆ ಓಡಿದವರ ಮೊಣಕಾಲು, ಮೊಳಕಾಲಿನ ಮೂಳೆಗಳೇ ಬಡ್ಡಿಯನ್ನು ತೆರುತ್ತವೆ. ಒಳ್ಳೆಯದೆಂದು ತಿಳಿದ ನೀರಿಗೂ ಗರಿಷ್ಠ ಮಿತಿಯಿದೆ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ಓಟ ಮುಗಿಸಿದ 488 ಮಂದಿಯ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಅಪಾಯದ ಕಡೆಗೆ ಇಳಿದಿತ್ತು. ಓಡುವಾಗ ಅತಿಯಾಗಿ ಕುಡಿದು ದೇಹದ ತೂಕವನ್ನೇ ಹೆಚ್ಚಿಸಿಕೊಂಡವರಲ್ಲಿ ಇದು ವಿಶೇಷವಾಗಿ ಕಂಡಿತು.

ಆ ತರುಣ ದಂಪತಿಗಳು ತಮ್ಮಲ್ಲಿಯೇ ಒಂದು ಏರ್ಪಾಡನ್ನು ಮಾಡಿಕೊಂಡರು. ವಾರಕ್ಕೆ ಮೂರು ದಿನ, ಒಟ್ಟು ಮೂರು ಗಂಟೆ ಅವನ ಓಟ. ಮಂಗಳವಾರ ಮತ್ತು ಶನಿವಾರದ ಬೆಳಗು ಅವಳದು. ಆ ದಿನ ಮಕ್ಕಳನ್ನು ಶಾಲೆಗೆ ಸಿದ್ಧಗೊಳಿಸುವುದು ಅವನ ಕೆಲಸ. ಅವಳು ಓಡುವುದಿಲ್ಲ, ಕೆಲವೊಮ್ಮೆ ನಡೆಯುತ್ತಾಳೆ, ಕೆಲವೊಮ್ಮೆ ಸುಮ್ಮನೆ ಮಲಗುತ್ತಾಳೆ. ತೊಗರಿಯ ಹಂಗಾಮಿನಲ್ಲಿ ಅವನು ಮುಂಬಯಿಗೆ ಹೋಗಲಿಲ್ಲ. ಅವನ ವೇಗ ಕಡಮೆಯಾಗಿದೆ, ಅದರ ಬಗ್ಗೆ ಅವನಿಗೆ ಬೇಸರವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ತ್ಯಾಗ ಮಾಡಿದವನು ನಗುನಗುತ್ತಲೇ ಇರಬೇಕೆಂದು ನಾವು ಅಪೇಕ್ಷಿಸುವುದು ನ್ಯಾಯವಲ್ಲ.

ನಮ್ಮ ಆಚಾರವನ್ನು ಪಾಲಿಸುವ ಓಟಗಾರನಿಗೆ ಬೇರೆ ಕೆಲವು ತೊಡಕುಗಳಿವೆ. ಈರ್ಯಾಸಮಿತಿಯು ಮುನಿಗಳಿಗೆ ವಿಧಿಸಿದ್ದು: ಹಗಲಿನ ಬೆಳಕಿನಲ್ಲಿ, ನಾಲ್ಕು ಹಸ್ತದಷ್ಟು ಮುಂದಿನ ನೆಲವನ್ನು ನೋಡುತ್ತ, ಜನ ಹಾಗೂ ಗಾಡಿಗಳು ಓಡಾಡಿದ ಪ್ರಾಸುಕ ಮಾರ್ಗದಲ್ಲಿ ನಡೆಯುವುದು. ಗೃಹಸ್ಥನಿಗೆ ಅದರ ಪೂರ್ಣ ಹೊಣೆಯಿಲ್ಲ; ಆದರೆ ಅದರ ದಿಕ್ಕು ತಿಳಿದಿರಬೇಕು. ಹುಲ್ಲಿನ ಮೇಲೆ ಓಡಿದರೆ ಮೊಣಕಾಲಿಗೆ ಹಿತವೆಂದು ಓಟಗಾರರು ಹೇಳುತ್ತಾರೆ. ಮೃಗಶಿರಾ ಮಳೆ ಬಿದ್ದ ಮೇಲೆ ಹುಲ್ಲಿನಲ್ಲಿ, ಕರಿಮಣ್ಣಿನ ಕಾಲುದಾರಿಯಲ್ಲಿ ಹರಿದಾಡುವ ಜೀವಿಗಳ ಲೆಕ್ಕ ಹಿಡಿದರೆ ಡಾಂಬರು ರಸ್ತೆಯೇ ಮೇಲು. ಚಾತುರ್ಮಾಸದಲ್ಲಿ ಮುನಿಗಳು ವಿಹಾರವನ್ನೇ ನಿಲ್ಲಿಸುವಾಗ ಶ್ರಾವಕನು ಕೆಸರಿನ ದಾರಿಯ ಓಟವನ್ನಾದರೂ ನಿಲ್ಲಿಸಬಹುದು. ಕತ್ತಲಲ್ಲಿ ಓಡುವುದು ಜೀವಿಗಳಿಗೂ ಹಿತವಲ್ಲ, ಓಡುವವನಿಗೂ ಅಲ್ಲ. ನಮ್ಮ ಹೆದ್ದಾರಿಗಳ ಲಾರಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ರಾತ್ರಿಭೋಜನ ತ್ಯಾಗ ಮಾಡಿದವರು, ವಿಶೇಷವಾಗಿ ರಾತ್ರಿ ನೀರನ್ನೂ ಬಿಟ್ಟವರು, ಇನ್ನೂ ಎಚ್ಚರದಿಂದಿರಬೇಕು. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯಕ್ಕೆ ಸುಮಾರು ಹನ್ನೊಂದು ಗಂಟೆ. ಅಷ್ಟು ಹೊತ್ತು ನೀರಿಲ್ಲದ ದೇಹವನ್ನು ಸೂರ್ಯೋದಯಕ್ಕೆ ಮೊದಲೇ ಎಬ್ಬಿಸಿ ಹದಿನೈದು ಕಿ.ಮೀ. ಓಡಿಸಿದರೆ ಅದು ತಪಸ್ಸಲ್ಲ, ದೇಹದ ಮೇಲಿನ ಹಿಂಸೆ. ಸೂರ್ಯ ಹುಟ್ಟಿದ ಮೇಲೆ ನೀರು ಕುಡಿದು, ತುಸು ಹೊತ್ತು ಬಿಟ್ಟು, ದೂರವನ್ನು ಅರ್ಧ ಮಾಡಿಕೊಂಡು ಓಡುವುದೇ ವ್ರತಕ್ಕೂ ದೇಹಕ್ಕೂ ಒಪ್ಪುವ ದಾರಿ. ಉಪವಾಸದ ದಿನ ಓಟವೇ ಬೇಡ. ಎರಡು ಸಾಧನೆಗಳನ್ನು ಒಂದೇ ದಿನ ಮುಗಿಸುವ ಉಳಿತಾಯ ಬುದ್ಧಿ ಇಲ್ಲಿ ಸಲ್ಲದು. ಮಾರುಕಟ್ಟೆಯಲ್ಲಿ ಓಟಗಾರರಿಗಾಗಿ ದೊರೆಯುವ ಶಕ್ತಿವರ್ಧಕ ಜೆಲ್ಲುಗಳಲ್ಲಿ ಕೆಲವಕ್ಕೆ ಜೇನು ಬೆರೆತಿರುತ್ತದೆ, ಅಗಿಯುವ ಗುಳಿಗೆಗಳಲ್ಲಿ ಕೆಲವಕ್ಕೆ ಪ್ರಾಣಿಜನ್ಯ ಜೆಲಾಟಿನ್ ಇರುತ್ತದೆ. ಪೊಟ್ಟಣದ ಮೇಲಿನ ಸಣ್ಣಕ್ಷರವನ್ನು ಓದಬೇಕು. ಭೌಗೋಳಿಕ ಸೂಚಕ ಪಡೆದ ಕಮಲಾಪುರದ ಕೆಂಪುಬಾಳೆ ನಮ್ಮ ಮಗ್ಗುಲಲ್ಲಿಯೇ ಬೆಳೆಯುವಾಗ ಇವುಗಳ ಅಗತ್ಯವೇ ಇಲ್ಲ. ಸಸ್ಯಾಹಾರದಿಂದ ಬಲ ಸಾಲದೆಂಬ ಅನುಮಾನವಿದ್ದವರು ಅಮೆರಿಕದ ಸ್ಕಾಟ್ ಜ್ಯೂರೆಕ್ ಎಂಬ ಓಟಗಾರನನ್ನು ಗಮನಿಸಬಹುದು. ಹಾಲನ್ನೂ ಬಿಟ್ಟ ಶುದ್ಧ ಸಸ್ಯಾಹಾರಿಯಾದ ಆತ ವೆಸ್ಟರ್ನ್ ಸ್ಟೇಟ್ಸ್ ಎಂಬ ನೂರು ಮೈಲಿಯ ಗುಡ್ಡಗಾಡು ಓಟವನ್ನು 1999ರಿಂದ 2005ರವರೆಗೆ ಸತತ ಏಳು ಬಾರಿ ಗೆದ್ದ.

ಕೊನೆಯದಾಗಿ ಬಸದಿಗಳ ವಿಶ್ವಸ್ತ ಮಂಡಳಿಗಳ ಗಮನಕ್ಕೆ ಒಂದೆರಡು ಮಾತು. 2023ರ ಏಪ್ರಿಲ್ 2ರಂದು, ಮಹಾವೀರ ಜಯಂತಿಯ ಮುನ್ನ, ಜೀತೋ ಸಂಸ್ಥೆಯ ಮಹಿಳಾ ವಿಭಾಗವು ದೇಶದ ಅನೇಕ ನಗರಗಳಲ್ಲಿ ಅಹಿಂಸಾ ಓಟವನ್ನು ಏರ್ಪಡಿಸಿತ್ತು. ಅಂದಿನಿಂದ ನಮ್ಮ ಊರಿನಲ್ಲಿಯೂ ಒಂದು ಓಟ ಮಾಡೋಣವೆಂಬ ಸಲಹೆ ಸಭೆಗಳಲ್ಲಿ ಕೇಳಿಬರುತ್ತಿದೆ. ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಪರರನ್ನು ತಿರುಗಿಸುವುದೂ ಪ್ರಮಾದಚರ್ಯೆಯ ವ್ಯಾಪ್ತಿಗೆ ಬರುವುದರಿಂದ ಓಡುವವನಿಗಿಂತ ಓಡಿಸುವವನ ಹೊಣೆ ಹೆಚ್ಚು. ಹತ್ತು ವರ್ಷದ ಮಗುವನ್ನು ತಂದೆಯ ಹೆಮ್ಮೆಗಾಗಿ ಹತ್ತು ಕಿ.ಮೀ. ಓಡಿಸಕೂಡದು, ಮಕ್ಕಳಿಗೆ ಒಂದೆರಡು ಕಿಲೋಮೀಟರು ಸಾಕು. ನೀರನ್ನು ಪ್ಲಾಸ್ಟಿಕ್ ಲೋಟಗಳಲ್ಲಿ ಕೊಟ್ಟು ರಸ್ತೆಯುದ್ದಕ್ಕೂ ಚೆಲ್ಲಾಡಿಸುವ ಬದಲು ಸೋಸಿದ ನೀರನ್ನು ಹಂಡೆಯಲ್ಲಿಟ್ಟು ಸ್ಟೀಲ್ ಲೋಟದಲ್ಲಿ ಕೊಡಬೇಕು, ತೊಳೆಯಲು ನಾಲ್ವರು ಸ್ವಯಂಸೇವಕರು ಸಿಗದ ಸಮಾಜ ನಮ್ಮದಲ್ಲ. ಎಲ್ಲರಿಗೂ ಪದಕ ಕೊಡುವ ಹಣದಲ್ಲಿ, ಪೊಲೀಸ್ ಪರೀಕ್ಷೆಗೆಂದು ಅದೇ ರಸ್ತೆಯಲ್ಲಿ ಹರಿದ ಬೂಟಿನಲ್ಲಿ ಓಡುವ ಹತ್ತಾರು ಮಕ್ಕಳಿಗೆ ಬೂಟು ಕೊಡಿಸಬಹುದು. ಆರಂಭದ ವೇಳೆಯನ್ನು ದೊಡ್ಡ ನಗರಗಳ ಅನುಕರಣೆಯಿಂದ ನಸುಕಿನ ಐದಕ್ಕೆ ಇಡಬೇಕಾಗಿಲ್ಲ. ಡಿಸೆಂಬರ್ ಕೊನೆಯಲ್ಲಿ ಕಲಬುರಗಿಯಲ್ಲಿ ಸೂರ್ಯೋದಯವಾಗುವುದು 6-45ರ ಸುಮಾರಿಗೆ. 7-15ಕ್ಕೆ ಓಟ ಬಿಟ್ಟರೆ ನೆಲವೂ ಕಾಣುತ್ತದೆ, ಬಂದವರು ನೀರು ಕುಡಿದು ನಿಂತಿರುತ್ತಾರೆ, ಮನೆಯ ಹೆಣ್ಣುಮಕ್ಕಳೂ ಹೊರಟು ಬರಲು ಅನುವಾಗುತ್ತದೆ.